ಮಂಚ ಕಿಟಕಿಯ ಪಕ್ಕಕ್ಕೆ ಬಂದದ್ದು

ಮೊದಲನೇ ವಿಡಿಯೊ ತೆಗೆದವಳು ಗುಂಡಿ. ಅದೂ ಬೇಕಂತ ತೆಗೆದದ್ದಲ್ಲ. ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಚಾರ್ಜರ್ ಹುಡುಕಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಅಲ್ಲಿ ಅವಳಮ್ಮ ಅಜ್ಜಿಯ ತಲೆ ಬಾಚುತ್ತಿದ್ದಳು. ಕತ್ತು ಒಂದು ಕಡೆ ವಾಲದಂತೆ ಅಜ್ಜಿಯನ್ನು ಎದೆಗೆ ಒರಗಿಸಿಕೊಂಡು, ಸಿಕ್ಕು ಬಿಡಿಸುವಾಗ ನೋಯದಿರಲಿ ಅಂತ ಕೂದಲ ಬುಡವನ್ನು ಬಿಗಿಯಾಗಿ ಹಿಡಿದುಕೊಂಡು, ಯಾವುದೋ ಹಳೇ ಹಾಡಿನ ಒಂದೇ ಸಾಲನ್ನು ಗುನುಗುತ್ತಿದ್ದಳು. ಗುಂಡಿಗೆ ಚೆಂದ ಕಂಡಿತು. ಬಾಗಿಲಲ್ಲೇ ನಿಂತು ಫೋನು ಎತ್ತಿದಳು. ಬಸ್ಸಿನಲ್ಲಿ ಕೂತು "ನನ್ನಮ್ಮ, ನನ್ನಜ್ಜಿ" ಅಂತ ಬರೆದು ಹಾಕಿದಳು, ಮರೆತಳು.

ಸಂಜೆ ಮನೆಗೆ ಬರುವಷ್ಟರಲ್ಲಿ ಅದನ್ನು ಊರೆಲ್ಲ ನೋಡಿಯಾಗಿತ್ತು.

"ಅಮ್ಮಾ, ಇಲ್ಲಿ ನೋಡು. ಯಾರ್ಯಾರೋ ಏನೇನೋ ಬರೆದಿದ್ದಾರೆ."

ಅವಳಮ್ಮ ನಲ್ಲಿಯ ಕೆಳಗೆ ಸೊಪ್ಪು ತೊಳೆಯುತ್ತಿದ್ದಳು. "ಕೈ ಒದ್ದೆ. ನೀನೇ ಓದು."

"'ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು.' 'ಹೆತ್ತ ಮಕ್ಕಳೂ ಹೀಗೆ ನೋಡ್ಕೊಳ್ಳಲ್ಲ.' 'ಈ ತಾಯಿಗೆ ದೊಡ್ಡ ನಮಸ್ಕಾರ.'"

"ಯಾರಿಗೆ ಹೇಳಿದ್ದು?"

"ನಿನಗೇ ಕಣಮ್ಮ."

ಸೊಸೆ ನಲ್ಲಿ ನಿಲ್ಲಿಸಿದಳು. "ಇನ್ನೊಂದು ಸಲ ಓದು" ಅಂದಳು.

ಅಜ್ಜಿಗೆ ಬೀದಿಯಲ್ಲಿ ಟೈಲರಮ್ಮ ಅಂತಲೇ ಹೆಸರು. ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಹಾಕಿಕೊಂಡು ಒಬ್ಬ ಮಗ, ಒಬ್ಬ ಮಗಳನ್ನು ಸಾಕಿ ದಡ ಮುಟ್ಟಿಸಿದವಳು. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಿದ್ದಳು. ಕೋಣೆಯ ಮೂಲೆಗೆ ಒಂದು ದಪ್ಪ ಪರದೆ ಕಟ್ಟಿತ್ತು. ಅಳತೆ ಕೊಡುವುದು, ಹಾಕಿ ನೋಡುವುದು ಅದರ ಹಿಂದೆ. ಯಾರು ಬಸುರಿ, ಯಾರ ತೋಳಿನ ಮೇಲೆ ಗಂಡನ ಬೆರಳು ಮೂಡಿವೆ, ಆಪರೇಷನ್ ಆದ ಯಾರಿಗೆ ಎದೆಯ ಒಂದು ಬದಿಗೆ ಹತ್ತಿ ತುಂಬಿ ಹೊಲಿಯಬೇಕು, ಎಲ್ಲ ಅವಳ ಟೇಪಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಊರ ಹೆಂಗಸರ ಮಾತಿಗೆ ಅವಳ ಬಾಯಿ ಬೀಗ ಹಾಕಿದ್ದರೂ ಮನೆಯೊಳಗೆ ಅದು ಕತ್ತರಿ. "ನಿನ್ನ ಕೈಯಲ್ಲಿ ಒಗೆಸ್ಕೊಂಡ್ರೆ ಕೊಳೇನೂ ನಗತ್ತೆ ಕಣೆ" ಅನ್ನೋಳು ಸೊಸೆಗೆ. ನೆಲದ ಮೇಲೆ ಬಿದ್ದ ಗುಂಡಿಗಳನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮೊಮ್ಮಗಳಿಗೆ ಗುಂಡಿ ಅಂತ ಹೆಸರು ಅಂಟಿಸಿದವಳೂ ಅವಳೇ.

ಅಂಥವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸತ್ತವು; ಹೊಲಿಯುತ್ತಿದ್ದ ಕೋಣೆಯಲ್ಲೇ ಮಂಚ ಹಿಡಿದಳು. ಮಾತು ಹೋಯಿತು, ಒಂದೇ ಒಂದು ಪದ ಉಳಿಯಿತು: "ಬೇಡ." ನೀರು ಕೊಟ್ಟರೂ ಬೇಡ, ಹೊದಿಕೆ ಹೊದಿಸಿದರೂ ಬೇಡ, ಮಗ ಎದುರಿಗೆ ಬಂದು ನಿಂತರೂ ಬೇಡ. ಬೇಡ ಅನ್ನುತ್ತಲೇ ನೀರು ಕುಡಿಯುತ್ತಿದ್ದಳು. ತಲೆಗೆ ಪೆಟ್ಟಾದವರಿಗೆ ಹೀಗೆ ಒಂದು ಮಾತು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಡಾಕ್ಟರು ಹೇಳಿದ್ದರು. "ಅಮ್ಮನ ಬೇಡ ಅಂದ್ರೆ ಬೇಕು ಅಂತ" ಎಂದು ಮಗ ತಮಾಷೆ ಮಾಡುತ್ತಿದ್ದ. ಮನೆಯವರೆಲ್ಲ ಅದಕ್ಕೇ ಒಗ್ಗಿಹೋದರು.

ಆಮೇಲಿನ ಕೆಲಸವೆಲ್ಲ ಸೊಸೆಯದು. ಬೆಳಿಗ್ಗೆ ಎದ್ದು ಒದ್ದೆಯಾದ ಹಾಸಿಗೆ ಬದಲಿಸು, ಮೈ ಒರೆಸು, ಬೆನ್ನು ಹುಣ್ಣಾಗದಂತೆ ಮಗ್ಗುಲು ತಿರುಗಿಸು, ದಿಂಬುಗಳ ಆಸರೆಯಲ್ಲಿ ನೆಟ್ಟಗೆ ಕೂರಿಸಿ ಗಂಜಿ ತಿನ್ನಿಸು, ನುಂಗಿದಳಾ ಅಂತ ಗಂಟಲು ನೋಡು, ಮತ್ತೆ ಇನ್ನೊಂದು ಚಮಚ. ಗಂಡ ಅಚ್ಚುಕೂಟದಲ್ಲಿ ಮೆಷಿನ್ ನಡೆಸುತ್ತಿದ್ದ. ಉಗುರಿನ ಸಂದಿಯಲ್ಲಿ ಶಾಯಿ ಹೊತ್ತುಕೊಂಡು ಬಂದು, ಊಟಕ್ಕೆ ಕೂತು, ಎಡಗೈಯಲ್ಲಿ ಫೋನು ಉಜ್ಜುತ್ತ ತಿಂದು ಎದ್ದುಹೋಗುತ್ತಿದ್ದ. ಅತ್ತೆ ಬೈಯುವುದು ನಿಂತುಹೋಗಿತ್ತು. ಹೊಗಳುವವರು ಮೊದಲೂ ಇರಲಿಲ್ಲ.

ಇಂಥ ಮನೆಗೆ ಸಾವಿರಾರು ಜನ ಒಟ್ಟಿಗೆ ಬಂದು "ಭೇಷ್" ಅಂದ ಹಾಗಾಯಿತು.

ಮರುವಾರ ಸೊಸೆಯೇ ಕೇಳಿದಳು. "ಗುಂಡಿ, ನನಗೂ ಒಂದು ಮಾಡ್ಕೊಡೇ. ಅದೇ, ನೀನು ಹಾಕ್ತೀಯಲ್ಲ, ಅಂಥದ್ದು."

"ಅಕೌಂಟಾ? ಹೆಸರೇನು ಇಡ್ಲಿ?"

ಸೊಸೆ ನಾಚಿಕೊಂಡು, "ಮನೆಯ ಸೊಸೆ ಅಂತ ಇಡು" ಅಂದಳು.

ಶುರುವಿನಲ್ಲಿ ಗಂಡ ಕೂಗಾಡಿದ. "ಮನೆ ಮರ್ಯಾದೆ ಬೀದಿಗೆ ಹಾಕ್ತಿದೀಯಾ? ನಮ್ಮಮ್ಮ ಏನು ಪ್ರದರ್ಶನದ ಬೊಂಬೆನಾ?"

"ನಾನೇನು ಕೆಟ್ಟದ್ದು ತೋರಿಸಿದ್ದು? ತಲೆ ಬಾಚಿದ್ದು ತೋರಿಸ್ದೆ. ನಿಮಗೆ ಕಣ್ಣಿಗೆ ಬೀಳದ್ದು ಅವರಿಗಾದ್ರೂ ಬೀಳ್ಲಿ."

"ನನಗೆ ಯಾಕೆ ಕಣ್ಣಿಗೆ ಬೀಳಲ್ಲ?"

"ಹಂಗಾದ್ರೆ ಹೇಳಿ, ಇವತ್ತು ಅತ್ತೆ ಯಾವ ಬಟ್ಟೆ ಹಾಕ್ಕೊಂಡಿದ್ದಾರೆ?"

ಗಂಡ ತಟ್ಟೆ ನೋಡಿಕೊಂಡು ಕೂತ.

ಆದರೆ ಕೆಲವು ದಿನಗಳಾದ ಮೇಲೆ ಅಚ್ಚುಕೂಟದ ಮಾಲೀಕ ಅವನ ಹೆಗಲ ಮೇಲೆ ಕೈ ಹಾಕಿ, "ಏನಯ್ಯಾ, ನಿನ್ನ ಮನೆಯವರನ್ನ ನೋಡಿ ನನ್ನ ಹೆಂಡತಿ ಕಣ್ಣೀರು ಹಾಕಿದ್ಲು. ಅದೃಷ್ಟವಂತ ಬಿಡು" ಅಂದ. ಆ ಸಂಜೆ ಅವನು ಬಿಸ್ಕತ್ತಿನ ಪೊಟ್ಟಣ ತಂದ. ಊಟ ಮಾಡುತ್ತ ಮಾಡುತ್ತ, "ನಾಳೆ ರಜ. ನಾನೂ ಇರ್ಲಾ ಅದರಲ್ಲಿ?" ಅಂತ ಕೇಳಿದ.

ಮಾರನೇ ದಿನ ಅಮ್ಮನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು ಅವನ ಪಾಲಿನ ಕೆಲಸ. ಎತ್ತುವುದು ಹೇಗೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದ. "ಅಯ್ಯೋ, ಹಂಗಲ್ಲ, ಸೊಂಟ ಹಿಡೀರಿ! ಗುಂಡಿ, ಇದು ಬೇಡ, ಮತ್ತೆ ಶುರು ಮಾಡು" ಅಂದಳು ಸೊಸೆ. ಮತ್ತೆ ಮಲಗಿಸಿ, ಮತ್ತೆ ಎತ್ತಿದ. ಟೈಲರಮ್ಮ ಅವನ ತೋಳಿನಲ್ಲಿ ನೇತಾಡುತ್ತ "ಬೇಡ, ಬೇಡ" ಅನ್ನುತ್ತಿದ್ದಳು. ವಿಡಿಯೊ ಮುಗಿದ ಮೇಲೆ ಅವನು ಅಂಗಿ ಕೊಡವಿಕೊಂಡು, ಎಷ್ಟು ಜನ ನೋಡಿದರು ಅಂತ ನೋಡಲು ಹಜಾರಕ್ಕೆ ಹೋದ. ಅಮ್ಮನನ್ನು ಕುರ್ಚಿಯಿಂದ ಮತ್ತೆ ಮಂಚಕ್ಕೆ ಹಾಕಲು ಸೊಸೆ, ಗುಂಡಿ ಇಬ್ಬರೂ ಹೆಣಗಬೇಕಾಯಿತು.

ಕೋಣೆ ಕತ್ತಲೆ ಅಂತ ಯಾರೋ ಬರೆದರು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದದ್ದು ಆಗ. ಅಲ್ಲಿ ಮೆಷಿನ್ನು ಇತ್ತು. ಅದನ್ನು ಹಿತ್ತಿಲ ಬಾಗಿಲ ಹತ್ತಿರ ಒಯ್ದು ಮೇಲೆ ಗೋಣಿ ಮುಚ್ಚಿದರು. ಮೂಲೆಯ ಪರದೆ ಬೆಳಕಿಗೆ ಅಡ್ಡ ಬರುತ್ತಿತ್ತು. ಸೊಸೆ ಸ್ಟೂಲು ಹತ್ತಿ ಅದನ್ನೂ ಬಿಚ್ಚಿದಳು. ಟೈಲರಮ್ಮ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಅವತ್ತು ಅವಳು ಬೇಡ ಅಂತಲೂ ಅನ್ನಲಿಲ್ಲ.

ನಾದಿನಿ ಬಂದಿಳಿದದ್ದು ಆ ಭಾನುವಾರ. ಟೈಲರಮ್ಮನ ಮಗಳು ಅವಳು. ಬಸ್ಸಿನಲ್ಲಿ ಅರ್ಧ ದಿನದ ದಾರಿಯಾಚೆಯ ಊರಿನ ನಿಲ್ದಾಣದಲ್ಲಿ ಟಿಕೇಟು ಕೌಂಟರಿನ ಕೆಲಸ. ಹಣ್ಣಿನ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಅತ್ತಿಗೆ, ನೀವು ನೋಡ್ಕೋತಿದೀರಿ, ಇಲ್ಲ ಅನ್ನಲ್ಲ. ಆದ್ರೆ ನನ್ನ ಮಾನ ಯಾಕೆ ಕಳೀತೀರಿ?"

"ನಾನೇನು ಮಾಡ್ದೆ?"

"ಕೌಂಟರಲ್ಲಿ ಕೂತ್ರೆ ಟಿಕೇಟು ತಗೊಳ್ಳೋರು ಕೇಳ್ತಾರೆ, 'ಅದು ನಿಮ್ಮ ತಾಯಿ ಅಲ್ವಾ? ಸೊಸೆ ಅಷ್ಟು ಮಾಡ್ತಿದ್ದಾಳೆ, ನೀವು ಹೋಗಲ್ವಾ?' ಅಂತ. 'ಹೆತ್ತ ಮಗಳು ಎಲ್ಲಿ ಸತ್ತಿದ್ದಾಳೆ' ಅಂತ ಯಾರೋ ಬರ್ದಿದ್ದಕ್ಕೆ ನೀವು ಕೈ ಮುಗಿಯೋ ಗೊಂಬೆ ಹಾಕಿದೀರಿ!"

"ನಾನು ಎಲ್ಲರಿಗೂ ಅದನ್ನೇ ಹಾಕ್ತೀನಮ್ಮ. ಓದಿ ಹಾಕಲ್ಲ."

"ಓದಲ್ವಾ? ನೀವು ಒಂದೊಂದನ್ನೂ ಓದ್ತೀರಿ ಅಂತ ನನಗೆ ಗೊತ್ತು."

ಅಣ್ಣ ನಡುವೆ ಬಂದ. "ಬಿಡೇ, ಬಂದಿದ್ದೀಯ, ಅಮ್ಮನ ಹತ್ರ ಕೂತ್ಕೋ."

"ನೀನು ಸುಮ್ನಿರು. ಒಂದು ದಿನ ಎತ್ತಿ ಕೂರಿಸಿ ಊರಿಗೆ ಶ್ರವಣಕುಮಾರ ಆಗ್ಬಿಟ್ಟೆ!"

ಗುಂಡಿಗೆ ನಗು ಬಂತು, ಬಾಯಿ ಮುಚ್ಚಿಕೊಂಡಳು. ಸಂಜೆಯವರೆಗೂ ನಾದಿನಿ ತಾಯಿಯ ಕೈ ನೀವುತ್ತ ಕೂತಿದ್ದಳು. ಹೊರಡುವ ಮುಂಚೆ ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿ ತನ್ನ ಫೋನನ್ನು ಎತ್ತಿ ಹಿಡಿದಳು. ಬಸ್ಸು ಊರು ದಾಟುವ ಮೊದಲೇ ಆ ಫೋಟೊ ಬಂತು: "ಅಮ್ಮನ ಮಡಿಲಿಗಿಂತ ಸ್ವರ್ಗ ಬೇರೆ ಇಲ್ಲ." ಸೊಸೆ ಅದನ್ನು ನೋಡಿ, "ಮಡಿಲಂತೆ" ಅಂದು ಪಾತ್ರೆ ತಿಕ್ಕಲು ಹೋದಳು. ಪಾತ್ರೆಗಳ ಸದ್ದು ಬೀದಿಗೆ ಕೇಳುತ್ತಿತ್ತು.

ಆಮೇಲೆ ಅವಳು, ಗುಂಡಿ ಮನೆಯಲ್ಲಿಲ್ಲದಾಗ, ಅತ್ತೆಯ ಮೈ ಒರೆಸುವ ವಿಡಿಯೊ ಹಾಕಿದಳು. ಬೆನ್ನು ಮಾತ್ರ, ಒಂದು ಭುಜ. "ಬೆನ್ನಿಗೆ ಹುಣ್ಣಾಗದ ಹಾಗೆ ನೋಡ್ಕೊಳ್ಳೋದು ಹೇಗೆ" ಅಂತ ಕೆಳಗೆ ಬರೆದಿದ್ದಳು. ಉಪಯೋಗವಾಯಿತು ಅಂತ ಎಷ್ಟೋ ಜನ ಬರೆದರು, ಅದೂ ಸುಳ್ಳಲ್ಲ. ಗುಂಡಿಗೆ ಆ ವಿಡಿಯೊ ವಿಷಯ ಗೊತ್ತಾದದ್ದು ಕಾಲೇಜಿನ ಕ್ಯಾಂಟೀನಿನಲ್ಲಿ. ಹಿಂದಿನ ಮೇಜಿನ ಹುಡುಗ ಅದನ್ನು ಸ್ನೇಹಿತನಿಗೆ ತೋರಿಸಿ, "ಗುಂಡಿಯ ಅಜ್ಜಿ, ಗುಂಡಿ ಬಿಚ್ಚಿದ ಅಜ್ಜಿ" ಅಂದ. ಅವಳು ಊಟದ ಡಬ್ಬಿ ಮುಚ್ಚಿ ಎದ್ದು ಬಂದಳು.

"ಅಮ್ಮ, ಅದನ್ನ ತೆಗಿ. ಈಗಲೇ."

"ಏನಿದೆ ಅದರಲ್ಲಿ? ಬೆನ್ನು ಯಾರಿಗಿಲ್ಲ?"

"ಅಜ್ಜಿ ಈ ಬೀದೀಲಿ ಯಾವ ಹೆಂಗಸಿನ ಬೆನ್ನನ್ನಾದ್ರೂ ಇನ್ನೊಬ್ಬರಿಗೆ ತೋರಿಸಿದ್ರಾ? ಅವರು ಪರದೆ ಕಟ್ಟಿದ್ದು ಯಾಕೆ?"

"ಒಳ್ಳೇದಕ್ಕೆ ಹಾಕಿದ್ದು ಕಣೆ. ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ."

"ನಾಲ್ಕು ಜನಕ್ಕೆ ಉಪಯೋಗ ಆಗೋಕೆ ನೀನು ಮುಖ ತೊಳ್ಕೊಂಡು, ಹೊಸ ಬಟ್ಟೆ ಹಾಕ್ಕೊಂಡು ಯಾಕೆ ಒರೆಸ್ದೆ? ಒರೆಸೋವಾಗ ನೆನೆಯಲ್ವಾ ಹೊಸ ಬಟ್ಟೆ?"

ಸೊಸೆಯ ಮುಖ ಕೆಂಪಾಯಿತು. "ನಿನಗೇನು ಗೊತ್ತು? ಈ ಮನೆಗೆ ಬಂದಾಗಿಂದ ಚೆನ್ನಾಗಿ ಮಾಡ್ದೆ ಅಂತ ಒಂದು ಮಾತು ಕೇಳಿದ್ದೀನಾ ನಾನು? ನಿನ್ನ ಅಪ್ಪ ಹೇಳಿದ್ರಾ? ನಿನ್ನಜ್ಜಿ ಹೇಳಿದ್ರಾ? ನೀನು ಹೇಳಿದೀಯಾ? ಮುಖ ಗೊತ್ತಿಲ್ಲದವರು ಹೇಳಿದ್ರು. ಅದೂ ನಿಮ್ಮ ಕಣ್ಣಿಗೆ ಚುಚ್ಚತ್ತಾ?"

ಅಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುಂಡಿ ತಗ್ಗಿದ ದನಿಯಲ್ಲಿ ಅಂದಳು, "ಒಂದು ಮಾತು ಕೇಳು. ಫೋನು ಎತ್ತಿದ ಕೂಡ್ಲೆ ಅಜ್ಜಿ ಗೋಡೆ ಕಡೆ ತಿರುಗ್ತಾರೆ. ಫೋನು ಇಟ್ರೆ ತಿರುಗಲ್ಲ. ನಾನು ನೋಡ್ತಾ ಇದೀನಿ. ಎಲ್ಲಾ ಬೇಡಾನೂ ಒಂದೇ ಅಲ್ಲಮ್ಮ."

ಸೊಸೆ ಆ ವಿಡಿಯೊ ಅಳಿಸಿದಳು. ಇನ್ನು ಹಾಕಲ್ಲ ಅಂತ ಮಾತೂ ಕೊಟ್ಟಳು.

ಮಾತಿನಂತೆ ನಡೆದುಕೊಂಡಳು ಕೂಡ, ಕೆಲವು ದಿನ. ಅದೇ ಗಂಜಿ, ಅದೇ ಒದ್ದೆ ಹಾಸಿಗೆ, ಅದೇ ಬಾಚಣಿಗೆ. ಟೈಲರಮ್ಮ ಮೊದಲಿಗಿಂತ ಸಲೀಸಾಗಿ ತಿನ್ನತೊಡಗಿದಳು. ಆದರೆ ಸೊಸೆ ತಿನ್ನಿಸುತ್ತ ತಿನ್ನಿಸುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಒಂದು ಸಂಜೆ ಗಂಡನಿಗೆ ಇಷ್ಟವಾದ ಪಲ್ಯ ಮಾಡಿ, ಬಿಸಿ ಬಿಸಿ ಬಡಿಸಿ, ಎದುರಿಗೇ ನಿಂತುಕೊಂಡಳು. ಗಂಡ ಒಂದು ತುತ್ತು ಬಾಯಿಗಿಟ್ಟ. ಇನ್ನೊಂದು ಇಟ್ಟ.

"ಹೇಗಿದೆ?" ಅಂದಳು.

"ಉಪ್ಪು ಸ್ವಲ್ಪ ಮುಂದಾಗಿದೆ" ಅಂದ. ಅಂದವನು ಫೋನಿನಿಂದ ತಲೆ ಎತ್ತಿ, "ಯಾಕೆ ಈಗೀಗ ಏನೂ ಹಾಕ್ತಿಲ್ಲ? ಮಾಲೀಕರು ಕೇಳಿದ್ರು" ಅಂತ ಸೇರಿಸಿದ.

ಮರುದಿನ ಬೆಳಿಗ್ಗೆ ಸೊಸೆ ಮಗಳ ಹಾಸಿಗೆಯ ತುದಿಗೆ ಬಂದು ಕೂತಳು. "ಗುಂಡಿ, ಒಂದೇ ಒಂದು. ಅಜ್ಜಿ ಹೇಗಿದ್ದಾರೆ, ಬದುಕಿದ್ದಾರಾ ಅಂತೆಲ್ಲ ಕೇಳ್ತಿದ್ದಾರೆ, ಪಾಪ. ಚೆನ್ನಾಗಿದ್ದಾರೆ, ಊಟ ಮಾಡ್ತಿದ್ದಾರೆ ಅಂತ ತೋರಿಸಿ ನಿಲ್ಲಿಸಿಬಿಡೋಣ. ನೀನು ಹಿಡ್ಕೊಂಡ್ರೆ ಸಾಕು."

"ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಇದೇ ಕೊನೇದು."

ಗುಂಡಿ ಎದ್ದಳು. ಅಮ್ಮನ ಮುಖ ನೋಡಿದರೆ ಇಲ್ಲ ಅನ್ನಲಾಗಲಿಲ್ಲ ಅಂತ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು.

ಕಿಟಕಿಯಿಂದ ಎಳೆಬಿಸಿಲು ಬರುತ್ತಿತ್ತು. ಟೈಲರಮ್ಮ ದಿಂಬುಗಳಿಗೆ ಒರಗಿ ನೆಟ್ಟಗೆ ಕೂತಿದ್ದಳು. ಸೊಸೆ ಫೋನಿನಲ್ಲಿ ಒಮ್ಮೆ ನೋಡಿ, "ದಿಂಬಿನ ಕವರು ಎಷ್ಟು ಕೊಳಕಾಗಿ ಕಾಣತ್ತೆ. ಬಿಸಿಲೂ ಮುಖಕ್ಕೆ ಬೀಳ್ತಿಲ್ಲ" ಅಂದಳು. ಎರಡು ದಿಂಬು ತೆಗೆದು ಮಂಚದ ಕೆಳಗೆ ಹಾಕಿದಳು. ಟೈಲರಮ್ಮ ಹಿಂದಕ್ಕೆ ವಾಲಿದಳು. ಮುಖಕ್ಕೆ ಬಿಸಿಲು ಬಿತ್ತು.

ಮೊದಲ ಚಮಚಕ್ಕೆ ಅವಳು ಗೋಡೆಯ ಕಡೆ ತಿರುಗಿದಳು. ಗಂಜಿ ಕೆನ್ನೆಯ ಮೇಲೆ ಇಳಿಯಿತು. ಸೊಸೆ ಒರೆಸಿ, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅತ್ತೆ, ಒಂದು ಚಮಚ. ಎಲ್ಲಿ, ಆ ಅನ್ನಿ."

"ಬೇಡ."

ಬೇಡ ಅಂತ ತೆರೆದ ಬಾಯಿಗೆ ಚಮಚ ಹೋಯಿತು. ಹಿಂದೆಯೇ ಇನ್ನೊಂದು. ಟೈಲರಮ್ಮ ಕೆಮ್ಮಿದಳು. ಗುಂಡಿ ಫೋನು ಇಳಿಸಹೋದಳು. ಸೊಸೆ ನಗುಮುಖದಲ್ಲೇ ಅವಳ ಕಡೆ ನೋಡಿ, ಕಣ್ಣಲ್ಲೇ, ತೆಗೀತಾ ಇರು ಅಂದಳು. ಕೆಮ್ಮು ದಿನಾ ಇದ್ದದ್ದೇ. ಗುಂಡಿ ಫೋನು ಮತ್ತೆ ಎತ್ತಿದಳು. ಇನ್ನೊಂದು ಚಮಚ ಹೋಯಿತು. ಆಮೇಲೆ ಕೆಮ್ಮು ನಿಂತಿತು, ಉಸಿರು ಗೊರಗುಟ್ಟಿತು, ತುಟಿಗಳು ನೀಲಿಗೆ ತಿರುಗಿದವು.

"ಅತ್ತೆ! ಅತ್ತೇ!" ಸೊಸೆ ಬಟ್ಟಲು ಬಿಸಾಕಿ ಅವಳನ್ನು ಎತ್ತಿ ಕೂರಿಸಿ ಬೆನ್ನು ಗುದ್ದಿದಳು. ಬಾಯಿಗೆ ಬೆರಳು ಹಾಕಿ ಗಂಜಿ ತೆಗೆದಳು. ಉಸಿರು ತಿರುಗಿ ಬಂತು, ಆದರೆ ಹರಕು ಚೀಲದಲ್ಲಿ ಗಾಳಿ ಆಡಿದ ಹಾಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಚಿತ್ರ ನೋಡಿ, "ತಿಂದದ್ದು ಶ್ವಾಸಕೋಶಕ್ಕೆ ಇಳಿದಿದೆ. ಮಲಗಿಸಿ ತಿನ್ನಿಸಿದ್ರಾ?" ಅಂತ ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ, "ಛೇ ಛೇ, ಇಲ್ಲ ಡಾಕ್ಟ್ರೇ. ಇವಳು ಹೇಗೆ ನೋಡ್ಕೋತಾಳೆ ಅಂತ ಊರಿಗೆಲ್ಲ ಗೊತ್ತು."

ಪಕ್ಕದಲ್ಲಿ ನಿಂತಿದ್ದ ನರ್ಸು ಸೊಸೆಯನ್ನು ದಿಟ್ಟಿಸಿ ನೋಡಿದಳು. "ನೀವು ಆ ವಿಡಿಯೊದವರಲ್ವಾ? ನಮ್ಮತ್ತೆಗೆ ತೋರಿಸಿದೀನಿ ನಿಮ್ಮದನ್ನ." ಡಾಕ್ಟರು ತಲೆಯಾಡಿಸಿ, "ಎಷ್ಟು ಜೋಪಾನ ಮಾಡಿದ್ರೂ ಒಮ್ಮೊಮ್ಮೆ ಹೀಗಾಗತ್ತೆ" ಅಂದು ಮುಂದಿನ ಹಾಸಿಗೆಗೆ ಹೋದರು. ಸೊಸೆ ನೆಲ ನೋಡುತ್ತಿದ್ದಳು. ಗುಂಡಿ ಅಮ್ಮನನ್ನು ನೋಡುತ್ತಿದ್ದಳು.

ಟೈಲರಮ್ಮ ಜ್ವರದಲ್ಲಿ ಬೆಂದು ಬೆಂದು ಆ ವಾರದಲ್ಲೇ ತೀರಿಕೊಂಡಳು.

ಸುದ್ದಿ ಹಾಕಿದವನು ಗಂಡ. "ಅಮ್ಮ ಇನ್ನಿಲ್ಲ. ಕೊನೇ ಉಸಿರಿನ ತನಕ ನನ್ನ ಹೆಂಡತಿ ಅವಳನ್ನು ಮಗುವಿನಂತೆ ನೋಡಿಕೊಂಡಳು." ಅಳುವ ಗೊಂಬೆಗಳು, ಕೈಮುಗಿದ ಗೊಂಬೆಗಳು ಸಾಲುಗಟ್ಟಿ ಬಂದವು. ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ನಾದಿನಿ ಸೊಸೆಯನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು.

"ಅತ್ತಿಗೆ, ಅವತ್ತು ನಾನು ಬಾಯಿಗೆ ಬಂದ ಹಾಗೆ ಆಡ್ದೆ. ಹೊಟ್ಟೆಗೆ ಹಾಕ್ಕೊಳ್ಳಿ. ನೀವಿಲ್ದೇ ಹೋಗಿದ್ರೆ ಅಮ್ಮ ಎಂದೋ ಹೋಗಿರೋಳು. ನಾನು ಹೆತ್ತ ಮಗಳಾಗಿ ಏನು ಮಾಡ್ದೆ? ಒಂದು ಫೋಟೊ ತಗೊಂಡೆ."

ಸೊಸೆಯ ಕೈಗಳು ನಾದಿನಿಯ ಬೆನ್ನಿನ ಮೇಲೆ ಏಳಲಿಲ್ಲ. ಕಟ್ಟಿಗೆಯ ಹಾಗೆ ನಿಂತಿದ್ದಳು. ದುಃಖಕ್ಕೆ ಹಾಗಾಗಿದೆ ಅಂದುಕೊಂಡರು ಬಂದವರೆಲ್ಲ.

ಆಮೇಲೆ ಅವಳಿಗೆ ಊಟ ಸೇರದಾಯಿತು. ಅನ್ನ ಕಲಸುವಳು, ಕಲಸಿದ್ದು ಕಲಸಿದ ಹಾಗೇ ಇರುತ್ತಿತ್ತು. ಗುಂಡಿಯೂ ಅಮ್ಮನೂ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ಗುಂಡಿ ಬಂದಾಗ ಸೊಸೆ ಬರಿ ಮಂಚದ ಮೇಲೆ ಕೂತು ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಬರೆದು, ಅಳಿಸಿ, ಬಾಯಲ್ಲೇ ಓದಿಕೊಂಡು, ಮತ್ತೆ ಬರೆಯುತ್ತಿದ್ದಳು.

"ಏನಮ್ಮ ಅದು?"

"ಹೇಳಿಬಿಡ್ತೀನಿ ಕಣೆ. ಎಲ್ಲಾ ಹೇಳಿಬಿಡ್ತೀನಿ. ಎದೆ ಮೇಲೆ ಕಲ್ಲು ಇಟ್ಟಂಗಿದೆ."

"ಹೇಳು. ಅಪ್ಪನಿಗೆ ಹೇಳು. ನನ್ನತ್ತೆಗೆ ಫೋನ್ ಮಾಡಿ ಹೇಳು. ಅದರಲ್ಲಿ ಯಾಕೆ?"

"ಅವರ ಮುಂದೆ ಬಾಯಿ ಬರಲ್ಲ."

"ಊರ ಮುಂದೆ ಬರತ್ತಾ?"

ಸೊಸೆ ಎದ್ದು ಬಾಗಿಲ ಹತ್ತಿರ ಹೋಗಿ, ಕಿಟಕಿಯ ಬೆಳಕು ಬಿದ್ದ ಖಾಲಿ ಮಂಚದ ಫೋಟೊ ತೆಗೆದಳು. ಸರಿಯಾಗಲಿಲ್ಲ ಅಂತ ಇನ್ನೊಂದು ತೆಗೆದಳು. ಗುಂಡಿ ಅದನ್ನು ನೋಡಿ ಚೀಲ ಅಲ್ಲೇ ಇಟ್ಟು ಹೊರಗೆ ಹೋದಳು.

"ನೀವೆಲ್ಲ ನನ್ನನ್ನು ದೇವತೆ ಅಂದಿರಿ. ನಾನು ದೇವತೆಯಲ್ಲ, ಪಾಪಿ" ಎಂದು ಶುರುವಾಗಿತ್ತು ಅದು. ವಿಡಿಯೊ ತೆಗೆಯುವ ಗುಂಗಿನಲ್ಲಿ ತಾನು ಮೈಮರೆತೆ, ಆ ಒಂದು ಕ್ಷಣದ ಮರೆವು ತಾಯಿಯಂಥ ಅತ್ತೆಯನ್ನು ಕಸಿದುಕೊಂಡಿತು, ಈ ಮಂಚ ತನ್ನನ್ನು ದಿನವೂ ಪ್ರಶ್ನಿಸುತ್ತದೆ ಅಂತೆಲ್ಲ ಬರೆದಿದ್ದಳು. ಹಿಂದಿನ ಯಾವ ವಿಡಿಯೊವನ್ನೂ ಅಷ್ಟು ಜನ ನೋಡಿರಲಿಲ್ಲ. ನಾಲ್ಕಾರು ಜನ ಉಗಿದರು. ಉಳಿದವರೆಲ್ಲ "ಇಷ್ಟು ಪ್ರಾಮಾಣಿಕ ಮನಸ್ಸು ಯಾರಿಗಿದೆ" ಅಂದರು. "ಒಪ್ಪಿಕೊಳ್ಳೋಕೂ ಎದೆಗಾರಿಕೆ ಬೇಕು." "ತಪ್ಪು ನಿಮ್ಮದಲ್ಲ ತಾಯಿ." "ನೀವು ಈಗ ನನ್ನ ಕಣ್ಣಲ್ಲಿ ಇನ್ನೂ ದೊಡ್ಡವರಾದಿರಿ." ಸೊಸೆ ಒಂದೊಂದನ್ನೂ ಓದಿದಳು. ಓದುತ್ತ ಓದುತ್ತ ಅತ್ತಳು. ಆ ಸಂಜೆ ಬಹಳ ದಿನಗಳ ನಂತರ ಅವಳಿಗೆ ಹಸಿವಾಯಿತು. ತಟ್ಟೆಗೆ ಎರಡನೇ ಸಲ ಅನ್ನ ಹಾಕಿಕೊಂಡಳು. ಗುಂಡಿ ಎದುರಿಗೆ ಕೂತು ಅಮ್ಮ ತಿನ್ನುವುದನ್ನು ನೋಡುತ್ತಿದ್ದಳು.

ಗಂಡನಿಗೆ ಗೊತ್ತಾದದ್ದು ಅಚ್ಚುಕೂಟದಲ್ಲಿ, ಪಕ್ಕದ ಮೆಷಿನ್ನಿನವನ ಫೋನಿನಲ್ಲಿ. ಅರ್ಧ ಪಾಳಿಗೇ ಮನೆಗೆ ಬಂದು ಹಜಾರದಲ್ಲಿ ಕೂತ. ಸೊಸೆ ಕೊಟ್ಟ ನೀರನ್ನು ಮುಟ್ಟಲಿಲ್ಲ.

ನಾದಿನಿ ಮಾರನೇ ದಿನದ ಬಸ್ಸಿಗೆ ಬಂದಳು. ಈ ಸಲ ಹಣ್ಣಿನ ಚೀಲ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ದನಿ ಏರಿಸಲಿಲ್ಲ.

"ಕೌಂಟರಲ್ಲಿ ಕೂತಿದ್ದೆ, ಅತ್ತಿಗೆ. ಒಬ್ಬ ಗಂಡಸು ಟಿಕೇಟು ತಗೊಂಡು, 'ನಿಮ್ಮತ್ತಿಗೆ ಎಷ್ಟು ದೊಡ್ಡ ಮನಸ್ಸಿನವರು, ನೀವೂ ಕ್ಷಮಿಸಿಬಿಡಿ' ಅಂದ. ಯಾಕೆ ಕ್ಷಮಿಸ್ಬೇಕು ಅಂತ ಗೊತ್ತಾಗ್ಲಿಲ್ಲ. ಅವನೇ ತೋರಿಸ್ದ."

ಸೊಸೆ ಒಲೆ ಆರಿಸಿದಳು.

"ನಾನು ನಿಮ್ಮ ಹೆಗಲ ಮೇಲೆ ತಲೆ ಇಟ್ಟು ಅತ್ತಿದ್ದೆ. ಕ್ಷಮೆ ಕೇಳ್ದೆ. ಆಗ ಹೇಳ್ಬಹುದಿತ್ತು."

"ಬಾಯಿ ಬರ್ಲಿಲ್ಲಮ್ಮ."

"ಈಗ ಹೇಳಿ. ನನ್ನ ಮುಖ ನೋಡ್ಕೊಂಡು ಹೇಳಿ."

ಗಂಡ ಹಜಾರದಿಂದ ಎದ್ದು ಬಂದು ನಾದಿನಿಯ ಹಿಂದೆ ನಿಂತ. ಗುಂಡಿ ಕೋಣೆಯ ಬಾಗಿಲಿಗೆ ಬಂದಳು. ಸೊಸೆ ಸೆರಗಿನಲ್ಲಿ ಕೈ ಒರೆಸಿಕೊಂಡು ಶುರು ಮಾಡಿದಳು. "ನಾನು ಮೈಮರೆತೆ. ಆ ಒಂದು ಕ್ಷಣ..."

"ಅದನ್ನ ಓದಿದೀನಿ" ಅಂದಳು ನಾದಿನಿ. "ಅದು ಬೇಡ. ನಡೆದದ್ದು ಹೇಳಿ."

ಸೊಸೆ ಮತ್ತೆ ಕೈ ಒರೆಸಿಕೊಂಡಳು.

"ಅಮ್ಮ ಕೂತಿದ್ಲಾ, ಮಲಗಿದ್ಲಾ?"

"ಕೂತಿದ್ರು. ದಿಂಬು ತೆಗ್ದೆ."

"ತೆಗೀಬಾರದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಅಮ್ಮ ಏನಂದ್ಲು?"

"ಬೇಡ ಅಂದ್ರು. ಮುಖ ತಿರುಗಿಸಿದ್ರು. ನಾನು ಗಲ್ಲ ಹಿಡಿದು ತಿರುಗಿಸ್ದೆ. ಕೆಮ್ಮಿದ್ರು. ಇವಳು ನಿಲ್ಲಿಸೋಕೆ ಹೋದ್ಲು. ನಾನೇ ಬೇಡ, ತೆಗೀತಾ ಇರು ಅಂದೆ. ಇನ್ನೊಂದು ಚಮಚ ಹಾಕ್ದೆ."

"ದಿಂಬು ಯಾಕೆ ತೆಗೆದ್ರಿ?"

"ಚೆನ್ನಾಗಿ ಕಾಣ್ಲಿ ಅಂತ."

"ಯಾರು? ನಮ್ಮಮ್ಮನಾ?"

ಸೊಸೆ ತಲೆ ಎತ್ತಿ ನಾದಿನಿಯ ಮುಖ ನೋಡಿದಳು.

"ಅಲ್ಲ" ಅಂದಳು. "ನಾನು."

ನಾದಿನಿ ಅಣ್ಣನ ಪಕ್ಕದಿಂದ ದಾಟಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. "ಊಟ ಮಾಡ್ಕೊಂಡು ಹೋಗೇ" ಅಂದ ಅಣ್ಣ. ಅವಳು ಹೋದ ಮೇಲೂ ಬಾಗಿಲು ತೆರೆದೇ ಇತ್ತು. ಅವನು ಅದನ್ನು ಹಾಕಲು ಹೋಗಿ, ಹಾಕದೆ, ಅಲ್ಲೇ ಚೌಕಟ್ಟು ಹಿಡಿದು ನಿಂತುಬಿಟ್ಟ.

ಸೊಸೆ ಅಡಿಗೆಮನೆಯ ನೆಲದ ಮೇಲೆ ಕುಸಿದು ಕೂತಳು. ಅವಳ ಬಾಯಿಂದ ಬರುತ್ತಿದ್ದ ಸದ್ದು ಅಳುವಿನಂತೆಯೂ ಇರಲಿಲ್ಲ. ಗುಂಡಿ ಅವಳ ಹತ್ತಿರ ಹೋಗಲಿಲ್ಲ. ಹೋಗದೆ ಇರಲೂ ಆಗಲಿಲ್ಲ. ಕೊನೆಗೆ ಬಂದು, ಮೈಗೆ ಮೈ ತಾಗದಷ್ಟು ದೂರದಲ್ಲಿ, ಅದೇ ಗೋಡೆಗೆ ಒರಗಿ ಕೂತಳು.

"ಫೋನು ಹಿಡ್ಕೊಂಡಿದ್ದು ನಾನು, ಅಮ್ಮ" ಅಂದಳು. "ಅದನ್ನ ಯಾರೂ ಕೇಳಲೇ ಇಲ್ಲ."